ಕಿಂಗ್‌ಗೆ ಬೇಕಾದ ಶಟಲ್ ಕೊಡದ ಪ್ರಕಾಶ್

2024ರ ಆಸ್ಟ್ರೇಲಿಯನ್ ಓಪನ್‌ನಿಂದ 2025ರ ಯುಎಸ್ ಓಪನ್‌ವರೆಗೆ ಎಂಟು ಗ್ರ್ಯಾನ್‌ಸ್ಲಾಮ್ ನಡೆದವು. ಪುರುಷರ ಸಿಂಗಲ್ಸ್‌ನ ಎಂಟೂ ಕಪ್‌ಗಳನ್ನು ಸಿನ್ನರ್, ಅಲ್ಕರಾಜ್ ಇಬ್ಬರೇ ನಾಲ್ಕು ನಾಲ್ಕರಂತೆ ಹಂಚಿಕೊಂಡರು. ಉಳಿದವರಿಗೆ ದಾರಿ ಇದೆಯೇ ಎಂಬುದು ಈ ವಾರದ ವಿಷಯ.

ಇದೆ. ಆದರೆ ಬೇಸ್‌ಲೈನ್‌ನಲ್ಲಿ ನಿಂತು ಅವರಿಗಿಂತ ಜೋರಾಗಿ ಹೊಡೆಯುವುದರಲ್ಲಿ ಇಲ್ಲ. ಆ ಆಟ ಚಾಂಪಿಯನ್‌ಗೇ ಹಿತ. 2009ರ ಫ್ರೆಂಚ್ ಓಪನ್‌ನಲ್ಲಿ ಸೋಡರ್ಲಿಂಗ್ ನಡಾಲ್‌ರನ್ನು ಮಣಿಸಿದ್ದು ಬರೀ ತೋಳ್ಬಲದಿಂದ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೇರೆಯವರನ್ನು ಹಿಂದಕ್ಕೆ ತಳ್ಳುತ್ತಿದ್ದ ನಡಾಲ್ ಚೆಂಡಿನ ಎತ್ತರದ ಪುಟಿತವನ್ನೇ ಎತ್ತರದ ಸೋಡರ್ಲಿಂಗ್ ಮುಂದೆ ಬಂದು ಚಪ್ಪಟೆಯಾಗಿ ಬಾರಿಸಿದರು. ನಡಾಲ್‌ರ ಆಯುಧವೇ ಕೆಲಸಕ್ಕೆ ಬಾರದಂತಾಯಿತು.

ಈ ಪಾಠಕ್ಕೆ ನಾವು ಪ್ಯಾರಿಸ್‌ವರೆಗೆ ಹೋಗಬೇಕಿಲ್ಲ. ಟೆನಿಸ್ ಇಲ್ಲಿಗೆ ಬಿಟ್ಟು ನಮ್ಮ ಪ್ರಕಾಶ್ ಪಡುಕೋಣೆಯವರ ಮ್ಯಾಚ್‌ಗೇ ಬರುತ್ತೇನೆ.

1980ರ ಮಾರ್ಚ್, ವೆಂಬ್ಲಿ, ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಫೈನಲ್. ಎದುರಿಗೆ 1978, 1979ರ ಚಾಂಪಿಯನ್, ಇಂಡೊನೇಷ್ಯಾದ ಲಿಯೆಮ್ ಸ್ವಿ ಕಿಂಗ್. ಜಿಗಿದು ಹೊಡೆಯುವ ಅವರ ಸ್ಮ್ಯಾಶ್‌ಗೆ ಜಗತ್ತೇ ಹೆದರುತ್ತಿತ್ತು. ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ ಆಡಿ ಬೆಳೆದ ಪ್ರಕಾಶ್ ವೇಗಕ್ಕೆ ವೇಗ ಕೊಡಲಿಲ್ಲ. ಆಟವನ್ನು ನಿಧಾನಕ್ಕೆ ಎಳೆದರು. ಶಟಲ್ ನೆಟ್‌ನ ಬಳಿಯೇ ಸುಳಿಯಿತು. ಡ್ರಾಪ್‌ನ ನಡುವೆ ಹಾಫ್ ಸ್ಮ್ಯಾಶ್, ಅದೇ ಕೈಬೀಸಿನಲ್ಲಿ ಮತ್ತೆ ಡ್ರಾಪ್. ಜಿಗಿಯಲು ಎತ್ತರದ ಶಟಲ್ ಬೇಕಿದ್ದ ಕಿಂಗ್ ನೆಲ ಮಟ್ಟದಲ್ಲಿ ಬಗ್ಗಿ ಬಗ್ಗಿ ಎತ್ತಬೇಕಾಯಿತು. 15–3, 15–10. ಎರಡು ಸಲದ ಚಾಂಪಿಯನ್‌ಗೆ ಮೊದಲ ಗೇಮ್‌ನಲ್ಲಿ ಸಿಕ್ಕಿದ್ದು ಆ 3 ಮಾತ್ರ!

ಮರು ವರ್ಷ ಅದೇ ಇಬ್ಬರು ಮತ್ತೆ ಫೈನಲ್‌ಗೆ ಬಂದರು. ಪ್ರಕಾಶ್ ಮೊದಲ ಗೇಮ್ 15–11ರಲ್ಲಿ ಗೆದ್ದರು. ಮುಂದಿನ ಎರಡನ್ನೂ ಕಿಂಗ್ 15–4, 15–6ರಲ್ಲಿ ಕಿತ್ತುಕೊಂಡರು. ನಿಜವಾದ ಚಾಂಪಿಯನ್ ಪೆಟ್ಟು ತಿಂದ ಮೇಲೆ ಸುಮ್ಮನಿರುವುದಿಲ್ಲ. ಆದ್ದರಿಂದ ಸವಾಲು ಹಾಕುವವನ ಬಳಿ ಎರಡನೆಯ ಉಪಾಯವೂ ಇರಬೇಕು.

ಉಪಾಯಗಳು ಬೆಳೆಯುವುದು ಬಾಲ್ಯದಲ್ಲಿ. ನಮ್ಮ ಕುಮಾರಸ್ವಾಮಿ ಲೇಔಟ್ ಸುತ್ತಮುತ್ತ ತಗಡಿನ ಚಾವಣಿಯ ಶಟಲ್ ಕೋರ್ಟ್‌ಗಳು ಸಂಜೆಯಾದರೆ ತುಂಬುತ್ತವೆ. ಅಲ್ಲಿ ಕಿವಿಗೆ ಬೀಳುವುದು ಒಂದೇ ಮಾತು: 'ಹೊಡಿ, ಇನ್ನೂ ಜೋರಾಗಿ ಹೊಡಿ!' ಈ ಜೋರಿನ ಪಂಥದ ಮೇಲೆ ನನಗೆ ಹಳೆಯ ಸಿಟ್ಟಿದೆ. ಅದು ಎಲ್ಲ ಮಕ್ಕಳನ್ನೂ ಒಂದೇ ಥರ ಆಡುವಂತೆ ತಿದ್ದುತ್ತದೆ. ಒಂದೇ ಥರ ಆಡುವ ನೂರು ಜನರಲ್ಲಿ ಅತಿ ಬಲಿಷ್ಠನೇ ಗೆಲ್ಲುತ್ತಾನೆ, ಗೆಲ್ಲುತ್ತಲೇ ಇರುತ್ತಾನೆ. ಉಳಿದ ತೊಂಬತ್ತೊಂಬತ್ತು ಮಂದಿ ಅವನಿಗೆ ಅಭ್ಯಾಸ ಕೊಡುವವರಾಗಿ ಉಳಿಯುತ್ತಾರೆ.

ಕೋಚ್‌ಗಳಲ್ಲಿ ನನ್ನದೊಂದು ಕೋರಿಕೆ. ವಾರಕ್ಕೊಂದು ದಿನ ಸ್ಮ್ಯಾಶ್ ನಿಷೇಧಿಸಿ ಗೇಮ್ ಆಡಿಸಿ. ಟೆನಿಸ್ ಕಲಿಸುವವರು ಸ್ಲೈಸ್, ಡ್ರಾಪ್, ವಾಲಿಗಳಲ್ಲೇ ಪಾಯಿಂಟ್ ಮುಗಿಸಲು ಹೇಳಿ. ಎದುರಾಳಿಗೆ ಯಾವ ಹೊಡೆತ ಇಷ್ಟವೆಂದು ಗುರುತಿಸಿ, ಅದನ್ನು ಅವನಿಗೆ ಸಿಗದಂತೆ ಮಾಡಿದ ಮಗುವನ್ನು, ಸೋತರೂ ಸರಿ, ಎಲ್ಲರೆದುರು ಹೊಗಳಿ.