ಪಾದರಕ್ಷೆಗೆ ಲಿಂಗವುಂಟೆ?

ಪುರುಷರು ಎತ್ತರವಾದ ಹಿಮ್ಮಡಿಯುಳ್ಳ ಪಾದರಕ್ಷೆಗಳನ್ನು ಮೆಟ್ಟಿ ಬೀದಿಯಲ್ಲಿ ನಡೆಯುವುದು ಲೋಕಸಮ್ಮತವಾಗಬಹುದೆ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಸಾಹಿತ್ಯವಿಮರ್ಶೆಯ ವಿಷಯವೆಂದು ತೋರದು. ಆದರೆ ಇದರ ಚರ್ಚೆಗೆ ತೊಡಗುವವರು ಬೃಹನ್ನಳೆಯನ್ನೂ ಕರಗವನ್ನೂ ರಂಗಭೂಮಿಯ ಸ್ತ್ರೀವೇಷವನ್ನೂ ವಚನವಾಙ್ಮಯವನ್ನೂ ಪ್ರಮಾಣವಾಗಿ ಎತ್ತಿಕೊಳ್ಳುವುದುಂಟು. ಗ್ರಂಥವನ್ನೂ ಕಲೆಯನ್ನೂ ಸಾಕ್ಷಿಗೆ ಕರೆದ ಮೇಲೆ, ಆ ಸಾಕ್ಷ್ಯವು ಏನನ್ನು ಸಾಧಿಸುತ್ತದೆ, ಏನನ್ನು ಸಾಧಿಸಲಾರದು ಎಂಬುದನ್ನು ಪರೀಕ್ಷಿಸುವುದು ವಿಮರ್ಶಕನ ಕರ್ತವ್ಯವೇ ಆಗುತ್ತದೆ.

ಪರೀಕ್ಷೆಗೆ ಒಂದು ನೆಲೆ ಬೇಕು. ಬೆಂಗಳೂರಿನ ವಾಯವ್ಯ ದಿಕ್ಕಿನಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಸಮೀಪವಾಗಿರುವ ಲಗ್ಗೆರೆಯನ್ನು ಆ ನೆಲೆಯಾಗಿ ಇಟ್ಟುಕೊಳ್ಳಬಹುದು. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಊರು ಕಾರ್ಖಾನೆಗಳು ಬೆಳೆದಂತೆ ನಗರದೊಳಗೆ ಸೇರಿಹೋಯಿತು. ನಾನಾ ಜಿಲ್ಲೆಗಳಿಂದ ದುಡಿಮೆಗೆ ಬಂದವರು ಇಲ್ಲಿ ಬಾಡಿಗೆಯ ಮನೆಗಳಲ್ಲಿ ನೆಲಸಿದರು. ನಾಟಕಶಾಲೆಯಲ್ಲಾಗಲಿ ಸಿರಿವಂತರ ವಿನೋದಗೋಷ್ಠಿಯಲ್ಲಾಗಲಿ ಯಾವ ವೇಷವೂ ಸಲ್ಲುತ್ತದೆ. ಕೆಲಸಕ್ಕೆ ಹೊರಟವರೂ ಸಂತೆಗೆ ಬಂದವರೂ ತುಂಬಿದ ಇಂತಹ ಬೀದಿಯಲ್ಲಿ, ಹಬ್ಬವಲ್ಲದ ಒಂದು ದಿನ, ಹಗಲಿನಲ್ಲಿ ಸಲ್ಲುತ್ತದೆಯೆ ಎಂಬುದೇ ಪ್ರಶ್ನೆ. ಸಾಮಾಜಿಕ ಸಮ್ಮತಿಯೆಂದರೆ ಇದೇ ಹೊರತು ಬೇರೆಯಲ್ಲ.

ಇಲ್ಲಿ ಎರಡು ಪಕ್ಷಗಳಿವೆ. ಎತ್ತರದ ಹಿಮ್ಮಡಿಯು ಸ್ವಭಾವತಃ ಸ್ತ್ರೀಯರದು, ಪುರುಷನು ಅದನ್ನು ಧರಿಸುವುದು ಅನುಚಿತ ಎಂಬುದು ಮೊದಲನೆಯದು. ಈ ನಾಡು ಪುರುಷನ ಸ್ತ್ರೀವೇಷವನ್ನು ಎಂದಿನಿಂದಲೂ ಗೌರವಿಸಿದೆ, ಆದುದರಿಂದ ಇದಕ್ಕೂ ಪರಂಪರೆಯ ಸಮ್ಮತಿ ಉಂಟೇ ಉಂಟು ಎಂಬುದು ಎರಡನೆಯದು. ಎರಡೂ ವಿಚಾರಕ್ಕೆ ನಿಲ್ಲುವುದಿಲ್ಲ.

ಮೊದಲನೆಯ ಪಕ್ಷವನ್ನು ಶಬ್ದದಿಂದಲೇ ಪರೀಕ್ಷಿಸಬಹುದು. ಸಂಸ್ಕೃತದಲ್ಲಿ ಪಾದುಕಾ, ಪಾದೂ, ಉಪಾನತ್ ಎಂಬ ಮೂರು ಶಬ್ದಗಳೂ ಸ್ತ್ರೀಲಿಂಗದವು. ಹಾಗೆಂದು ಪಾದುಕೆಯನ್ನು ಪುರುಷರು ಮೆಟ್ಟಬಾರದೆಂದು ಯಾರೂ ಹೇಳಲಿಲ್ಲ. ಶ್ರೀರಾಮನ ಪಾದುಕೆಗಳನ್ನೇ ಭರತನು ಮುಂದಿಟ್ಟುಕೊಂಡು ನಂದಿಗ್ರಾಮದಿಂದ ರಾಜ್ಯವನ್ನಾಳಿದನು. ಶ್ರೀರಂಗನಾಥನ ಪಾದುಕೆಗಳನ್ನು ವೇದಾಂತದೇಶಿಕರು ೧೦೦೮ ಶ್ಲೋಕಗಳಿಂದ ಸ್ತುತಿಸಿದರು. ಹೆಂಡತಿಯೆಂಬ ಅರ್ಥದಲ್ಲಿ ‘ದಾರ’ ಶಬ್ದವು ಪುಲ್ಲಿಂಗ, ‘ಕಲತ್ರ’ ಶಬ್ದವು ನಪುಂಸಕ. ಸಂಸ್ಕೃತದಲ್ಲಿ ಲಿಂಗವು ಶಬ್ದಕ್ಕೆ ಸೇರಿದುದು, ವಸ್ತುವಿಗೆ ಸೇರಿದುದಲ್ಲ ಎಂಬುದನ್ನು ವ್ಯಾಕರಣದ ಬಾಲಪಾಠವನ್ನು ಓದಿದವರೂ ಬಲ್ಲರು.

ಕನ್ನಡದ ಕ್ರಮವು ಇನ್ನೂ ಸ್ಪಷ್ಟವಾದುದು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಿರೂಪಿಸುವಂತೆ ಈ ಭಾಷೆಯಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಗಂಡಸರನ್ನು ಹೇಳುವ ಮಾತು ಪುಲ್ಲಿಂಗ, ಹೆಂಗಸರನ್ನು ಹೇಳುವ ಮಾತು ಸ್ತ್ರೀಲಿಂಗ, ಮಿಕ್ಕುದು ಸಾಮಾನ್ಯವಾಗಿ ನಪುಂಸಕ. ಸಂಸ್ಕೃತದ ಪಾದುಕೆಯು ತದ್ಭವವಾಗಿ ‘ಹಾವುಗೆ’ಯಾದಾಗ ತನ್ನ ಸ್ತ್ರೀತ್ವವನ್ನು ಗಡಿಯಲ್ಲಿಯೇ ಬಿಟ್ಟು ಬಂದಿತು. ಕನ್ನಡಿಗನಿಗೆ ಹಾವುಗೆ ‘ಅದು’, ಮೆಟ್ಟು ‘ಅದು’, ಎಕ್ಕಡ ‘ಅದು’, ‘ಅವಳು’ ಅಲ್ಲ. ಮತ್ತು ಹಾವುಗೆಯು ಚಪ್ಪಟೆಯಾದುದೂ ಅಲ್ಲ. ಮುಂದೊಂದು ಹಿಂದೊಂದು ಮರದ ಕಾಲುಗಳ ಮೇಲೆ ಅಂಗಾಲನ್ನು ನೆಲದಿಂದ ಎತ್ತಿ ಹಿಡಿಯುವ ಹಾವುಗೆಗಳುಂಟು. ಮಠಾಧಿಪತಿಗಳೂ ಸಂನ್ಯಾಸಿಗಳೂ ಅವನ್ನು ಮೆಟ್ಟಿ ನಡೆದಾಗ ಅದರ ಸದ್ದಿಗೆ ಜನ ಎದ್ದು ನಿಂತರೇ ಹೊರತು ನಗಲಿಲ್ಲ. ಎತ್ತರವು ತಾನಾಗಿ ಹೆಣ್ಣಿನ ಚಿಹ್ನೆಯಾಗಿದ್ದರೆ ಈ ಗೌರವಕ್ಕೆ ಆಸ್ಪದವಿರುತ್ತಿರಲಿಲ್ಲ.

ಈಗ ವಿವಾದಕ್ಕೆ ವಿಷಯವಾಗಿರುವ ಹಿಮ್ಮಡಿಯ ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. ಪಾರಸೀಕ ದೇಶದ ಅಶ್ವಾರೋಹಿಗಳು ರಿಕಾಪಿನಲ್ಲಿ ಕಾಲನ್ನು ಭದ್ರವಾಗಿ ನಿಲ್ಲಿಸಿಕೊಳ್ಳುವುದಕ್ಕಾಗಿ ಹಿಮ್ಮಡಿ ಎತ್ತರವಾದ ಜೋಡುಗಳನ್ನು ತೊಡುತ್ತಿದ್ದರು. ೧೫೯೯ರಲ್ಲಿ ಷಾ ಅಬ್ಬಾಸನು ಯೂರೋಪಿಗೆ ರಾಯಭಾರವನ್ನು ಕಳುಹಿಸಿದನು. ಅಲ್ಲಿಂದೀಚೆಗೆ ಆ ಖಂಡದ ಶ್ರೀಮಂತ ಪುರುಷರಲ್ಲಿ ಈ ಪದ್ಧತಿ ಹಬ್ಬಿತು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯು ಕೆಂಪು ಹಿಮ್ಮಡಿಯ ಜೋಡುಗಳನ್ನು ಧರಿಸಿ ನಿಂತಿರುವ ಚಿತ್ರವನ್ನು ರಿಗೋ ಎಂಬ ಚಿತ್ರಕಾರನು ೧೭೦೧ರಲ್ಲಿ ಬರೆದನು. ಹದಿನೆಂಟನೆಯ ಶತಮಾನದ ನಡುಭಾಗದ ಹೊತ್ತಿಗೆ ಗಂಡಸರು ಇದನ್ನು ಬಿಟ್ಟರು. ಸವಾರನ ಉಪಕರಣವಾಗಿ ಹುಟ್ಟಿ, ಅರಸನ ಬಿರುದಾಗಿ ಬೆಳೆದುದು ಮೂರು ಶತಮಾನಗಳೊಳಗೆ ಹೆಣ್ಣಿನ ‘ಸ್ವಭಾವ’ವಾಯಿತೆಂದರೆ, ಅದನ್ನು ಸ್ವಭಾವವೆನ್ನಲಾಗದು, ರೂಢಿಯೆನ್ನಬೇಕು.

ಮೊದಲನೆಯ ಪಕ್ಷದವರಿಗೆ ಇನ್ನೊಂದು ಆಶ್ರಯವುಂಟು, ಅದು ಔಚಿತ್ಯವಾದ. ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವಿಚಾರಚರ್ಚೆಯಲ್ಲಿ ಡಾಬನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ಕಾಲಂದುಗೆಯನ್ನು ಕೈಗೂ ತೊಟ್ಟವರು ನಗೆಗೀಡಾಗುವರೆಂದು ಹೇಳಿರುವುದು ಪ್ರಸಿದ್ಧವಾಗಿದೆ. ಆದರೆ ಆ ಮಾತನ್ನು ಗಮನವಿಟ್ಟು ನೋಡಬೇಕು. ಅಲ್ಲಿ ದೋಷವು ಆಭರಣಕ್ಕೂ ಅಂಗಕ್ಕೂ ಇರುವ ಸಂಬಂಧದಲ್ಲಿದೆಯೇ ಹೊರತು ಆಭರಣಕ್ಕೂ ಧರಿಸಿದವನಿಗೂ ಇರುವ ಸಂಬಂಧದಲ್ಲಿಲ್ಲ. ಪಾದರಕ್ಷೆಯನ್ನು ತಲೆಯ ಮೇಲಿಟ್ಟುಕೊಂಡವನಿಗೆ ಕ್ಷೇಮೇಂದ್ರನ ನಗೆ ತಗಲಬಹುದು; ಕಾಲಿಗೇ ಮೆಟ್ಟಿದವನಿಗೆ ತಗಲದು. ದೇಶಕಾಲಗಳ ಔಚಿತ್ಯವೆಂಬುದೊಂದು ಇದೆ, ನಿಜ. ಪೀಣ್ಯದ ಯಂತ್ರಶಾಲೆಯಲ್ಲಿ ಭಾರವಾದ ಲೋಹದ ತುಂಡು ಕಾಲಮೇಲೆ ಬೀಳಬಹುದಾದ ಕಡೆ ಮುಂಗಾಲಿಗೆ ಉಕ್ಕಿನ ಹೊದಿಕೆಯುಳ್ಳ ಜೋಡೇ ಉಚಿತ. ಅಲ್ಲಿ ಎತ್ತರದ ಹಿಮ್ಮಡಿ ಅನುಚಿತ. ಆದರೆ ಅದು ಗಂಡಿಗೆ ಎಷ್ಟು ಅನುಚಿತವೋ ಹೆಣ್ಣಿಗೂ ಅಷ್ಟೇ. ನಿಜವಾದ ಔಚಿತ್ಯವು ಕೆಲಸವನ್ನು ಕೇಳುತ್ತದೆ, ಲಿಂಗವನ್ನು ಕೇಳುವುದಿಲ್ಲ.

ಇನ್ನು ಎರಡನೆಯ ಪಕ್ಷ. ಇದು ಉದಾರವಾದುದು, ಆದರೆ ಉದಾರವಾದ ಮಾತೆಲ್ಲ ಪ್ರಮಾಣಶುದ್ಧವಾಗಿರಬೇಕೆಂದಿಲ್ಲ. ಭರತನ ನಾಟ್ಯಶಾಸ್ತ್ರವು ಪಾತ್ರಧಾರಣೆಯನ್ನು ಅನುರೂಪಾ, ವಿರೂಪಾ, ರೂಪಾನುಸಾರಿಣೀ ಎಂದು ಮೂರಾಗಿ ವಿಭಾಗಿಸಿ, ಪುರುಷನು ಸ್ತ್ರೀಭೂಮಿಕೆಯನ್ನು ವಹಿಸುವುದನ್ನು ಮೂರನೆಯದರಲ್ಲಿ ಸೇರಿಸುತ್ತದೆ. ಪ್ರಯೋಗದಲ್ಲಿಯೂ ಇದರ ವೈಭವ ದೊಡ್ಡದು. ಮರಾಠೀ ರಂಗಭೂಮಿಯ ಬಾಲಗಂಧರ್ವರು (೧೮೮೮–೧೯೬೭) ಉಟ್ಟ ಸೀರೆಯ ಕ್ರಮವನ್ನು ಕುಲೀನ ಸ್ತ್ರೀಯರೇ ಅನುಕರಿಸಿದರು. ತೆಂಕುತಿಟ್ಟಿನಲ್ಲಿ ಕಾಸರಗೋಡು ಸೀಮೆಯ ಕೋಳ್ಯೂರು ರಾಮಚಂದ್ರರಾಯರೂ, ಬಡಗಿನಲ್ಲಿ ಮಂಟಪ ಪ್ರಭಾಕರ ಉಪಾಧ್ಯರೂ ಸ್ತ್ರೀವೇಷದಿಂದಲೇ ಕೀರ್ತಿಯನ್ನು ಪಡೆದರು. ಆದರೆ ಈ ಎಲ್ಲ ಮನ್ನಣೆಯೂ ಬೆಳಗಿನ ಜಾವ ಬಣ್ಣ ಕಳಚುವುದರೊಡನೆ ಮುಗಿಯುವಂತಹುದು. ರಂಗಸ್ಥಳದ ದೀಪದೊಳಗೆ ಕೊಟ್ಟ ಅನುಜ್ಞೆಯನ್ನು ಬೀದಿಯ ಬಿಸಿಲಿಗೆ ವಿಸ್ತರಿಸಬೇಕಾದರೆ ಬೇರೆ ಹೇತು ಬೇಕು.

ಬೆಂಗಳೂರಿನ ಕರಗವು ಇದಕ್ಕಿಂತ ಬಲವಾದ ನಿದರ್ಶನವೆಂದು ತೋರಬಹುದು. ಏಕೆಂದರೆ ಅದು ಬೀದಿಯಲ್ಲಿಯೇ ನಡೆಯುವುದು. ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿಯ ಗುಡಿಯಿಂದ ಹೊರಡುವ ಕರಗವನ್ನು ಹೊರತಕ್ಕವನು ತಿಗಳ ಸಮಾಜದ ಪುರುಷನು. ಅವನು ಸೀರೆಯುಟ್ಟು ಬಳೆ ತೊಟ್ಟು ಹೂ ಮುಡಿದು ದ್ರೌಪದಿಯೇ ಆಗಿ ನಡೆಯುತ್ತಾನೆ. ಕತ್ತಿ ಹಿರಿದ ವೀರಕುಮಾರರು ಸುತ್ತುವರಿದು ಬರುತ್ತಾರೆ. ಮೆರವಣಿಗೆಯು ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿಬರುತ್ತದೆ. ನಗರವೆಲ್ಲ ಕೈಮುಗಿಯುತ್ತದೆ. ಆದರೆ ಕೈಮುಗಿಯುವುದು ಯಾರಿಗೆ? ಆವೇಶಗೊಂಡ ಶಕ್ತಿಗೆ. ವ್ರತ, ತಿಥಿ, ಕುಲ, ಮಾರ್ಗ ಇವು ನಾಲ್ಕೂ ನಿಯತವಾಗಿರುವ ಆ ರಾತ್ರಿಯ ಭಕ್ತಿಯನ್ನು ಮಾರನೆಯ ವಾರ ಲಗ್ಗೆರೆಯ ಬಸ್ಸಿನ ನಿಲ್ದಾಣದಲ್ಲಿ ನಿಂತವನ ಕಡೆಗೆ ತಿರುಗಿಸಲಾಗುವುದಿಲ್ಲ. ಪೂಜೆಯೂ ಒಂದು ಬಗೆಯ ದೂರವೇ. ಸಮ್ಮತಿಯೆಂಬುದು ಸಾಮೀಪ್ಯದಲ್ಲಿ ಕೊಡಬೇಕಾದ ವಸ್ತು.

ದೇವರ ದಾಸಿಮಯ್ಯನ ವಚನವನ್ನು ಇಲ್ಲಿ ತರುವುದು ಅತಿವ್ಯಾಪ್ತಿ. ದೇಹಲಕ್ಷಣಗಳಿಂದ ಗಂಡು ಹೆಣ್ಣೆಂದು ಕರೆಯುವ ಲೋಕವ್ಯವಹಾರವು ಆತ್ಮವನ್ನು ಮುಟ್ಟಲಾರದೆಂಬುದು ಆ ವಚನದ ತಾತ್ಪರ್ಯ. ಅದು ಆತ್ಮವಿಚಾರ, ಉಡುಪಿನ ವಿಚಾರವಲ್ಲ. ಹಾಗೆಯೇ ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆಯನ್ನೂ ೨೦೨೧ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನೂ ಪಡೆದ ಮಂಜಮ್ಮ ಜೋಗತಿಯವರನ್ನು ಪುರುಷನ ಸ್ತ್ರೀವೇಷಕ್ಕೆ ದೃಷ್ಟಾಂತವಾಗಿ ಹೆಸರಿಸುವುದು ಸರಿಯಲ್ಲ. ಅವರದು ವೇಷವಲ್ಲ, ಸ್ವರೂಪ. ತಾನು ಪುರುಷನೆಂದೇ ತಿಳಿದು, ಹಾಗೆಯೇ ಬಾಳುತ್ತ, ಕೇವಲ ಹಿಮ್ಮಡಿ ಎತ್ತರದ ಜೋಡನ್ನು ಮೆಚ್ಚಿ ಮೆಟ್ಟುವವನ ಪ್ರಶ್ನೆ ಇವೆರಡರಿಂದಲೂ ಬೇರೆಯಾದುದು.

ಉಳಿದುದು ವಿರಾಟಪರ್ವ. ಇದನ್ನು ಎರಡನೆಯ ಪಕ್ಷದವರು ಉಲ್ಲೇಖಿಸುವಷ್ಟು ಓದುವುದಿಲ್ಲವೆಂದು ತೋರುತ್ತದೆ. ಅರ್ಜುನನು ಬೃಹನ್ನಳೆಯಾಗಿ ವಿರಾಟನ ಅಂತಃಪುರದಲ್ಲಿ ಒಂದು ವರ್ಷ ಗೌರವದಿಂದ ಇದ್ದನೆಂಬುದು ದಿಟ. ಯುದ್ಧಕ್ಕೆ ನಿಲ್ಲುವಾಗ ಬಳೆಗಳನ್ನು ಕಳಚಿದನೆಂಬುದೂ ದಿಟ. ಆದುದರಿಂದ ವೇಷಕ್ಕೆ ಶಾಶ್ವತವಾದ ಸಮ್ಮತಿ ಅಲ್ಲಿ ದೊರೆಯದು. ಆದರೆ ವ್ಯಾಸಭಾರತದ ಆ ಭಾಗದಲ್ಲಿ ನಗೆಯು ಎರಡು ಸಲ ಬರುತ್ತದೆ, ಅದೇ ವಿಚಾರಣೀಯವಾದುದು. ಕವಚವನ್ನು ತೊಡಲು ಬಾರದವನಂತೆ ಬೃಹನ್ನಳೆಯು ನಟಿಸಿದಾಗ ಕನ್ಯೆಯರು ನಗುತ್ತಾರೆ. ಇಲ್ಲಿ ನಗೆ ಬಂದುದು ಹೆಣ್ಣುಡುಗೆಗಲ್ಲ, ಗಂಡುಡುಗೆಗೆ! ಪರಿಚಯವಿಲ್ಲದುದನ್ನು ಕಂಡಾಗ ನಗೆ ಹುಟ್ಟುತ್ತದೆ ಎಂಬುದಷ್ಟೇ ಇದರಿಂದ ಸಿದ್ಧಿಸುವುದು. ಎರಡನೆಯ ಸಲ, ಓಡಿಹೋಗುವ ಉತ್ತರನನ್ನು ಹಿಡಿಯಲು ಜಡೆ ಹಾರಾಡುತ್ತಿರಲು ಬೃಹನ್ನಳೆಯು ಬೆನ್ನಟ್ಟಿದಾಗ ಕೌರವಸೇನೆಯ ಕೆಲವರು ನಗುತ್ತಾರೆ. ಮತ್ತೆ ಕೆಲವರು ಅದೇ ತಲೆಯನ್ನು, ಅದೇ ಕೊರಳನ್ನು, ಅದೇ ತೋಳುಗಳನ್ನು ನೋಡಿ ಇವನು ಅರ್ಜುನನೇ ಇರಬೇಕೆಂದು ಊಹಿಸುತ್ತಾರೆ. ದೃಶ್ಯ ಒಂದೇ, ನೋಟ ಎರಡು. ಉಡುಗೆಯನ್ನು ನೋಡಿದವನು ನಕ್ಕನು. ಮನುಷ್ಯನನ್ನು ನೋಡಿದವನು ಗುರುತಿಸಿದನು. ಕನ್ನಡದಲ್ಲಿ ಕುಮಾರವ್ಯಾಸನು ಈ ಪ್ರಸಂಗದ ಹಾಸ್ಯವನ್ನು ಹೆಂಗಳೆಯರ ಮುಂದೆ ಪೌರುಷ ಕೊಚ್ಚಿಕೊಂಡ ಉತ್ತರನ ಮೇಲೆಯೇ ತುಂಬಿ ಸುರಿದಿದ್ದಾನೆ. ಗಂಡುಡುಗೆಯವನು ಓಡುತ್ತಾನೆ, ಹೆಣ್ಣುಡುಗೆಯವನು ಹಿಡಿದು ನಿಲ್ಲಿಸುತ್ತಾನೆ. ಪರಂಪರೆಯಿಂದ ಸಲ್ಲುವ ಸಾಕ್ಷ್ಯ ಇಷ್ಟು: ಅದು ಅನುಮತಿಯ ಪತ್ರವಲ್ಲ, ನೋಟದ ಶಿಕ್ಷಣ.

ಹಾಗಾದರೆ ಬೀದಿಯ ನಗೆಗೆ ಮೂಲವೆಲ್ಲಿ? ಕಟ್ಟಡದ ಕೆಲಸಕ್ಕೂ ಹೊಲದ ಕೆಲಸಕ್ಕೂ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿಯನ್ನು ತೊಟ್ಟಿರುವುದನ್ನು ಕನ್ನಡನಾಡಿನಲ್ಲಿ ಎಲ್ಲಿಯೂ ಕಾಣಬಹುದು. ಇದು ಅಕ್ಷರಶಃ ಪುರುಷನ ಉಡುಪು. ಆದರೂ ಯಾರೂ ತಿರುಗಿ ನೋಡುವುದಿಲ್ಲ. ಹೆಣ್ಣು ಗಂಡಿನ ಅಂಗಿಯನ್ನು ತೊಟ್ಟರೆ ಸಹಜ, ಗಂಡು ಹೆಣ್ಣಿನದೆನಿಸಿದ ಜೋಡನ್ನು ಮೆಟ್ಟಿದರೆ ಹಾಸ್ಯ ಎಂಬ ಈ ವೈಷಮ್ಯಕ್ಕೆ ಬಟ್ಟೆಯಲ್ಲಾಗಲಿ ಚರ್ಮದಲ್ಲಾಗಲಿ ಕಾರಣವಿಲ್ಲ. ಮೊದಲನೆಯದನ್ನು ಲೋಕವು ಏರಿಕೆಯೆಂದೂ ಎರಡನೆಯದನ್ನು ಇಳಿಕೆಯೆಂದೂ ಎಣಿಸುತ್ತದೆ. ಆ ನಗೆಯ ಗುರಿ ಪುರುಷನೆಂದು ತೋರಿದರೂ ಅದು ತಗಲುವುದು ಹೆಣ್ಣಿಗೆ. ಅವಳದೆಂಬ ಕಾರಣದಿಂದಲೇ ಒಂದು ವಸ್ತುವು ಅವನಿಗೆ ಹೀನವಾಯಿತಷ್ಟೆ.

ಪಾದರಕ್ಷೆಯ ವಿಷಯದಲ್ಲಿ ಇಂತಹ ಎಣಿಕೆ ಈ ನಾಡಿಗೆ ಹೊಸದೂ ಅಲ್ಲ. ಮೇಲುಜಾತಿಯವರ ಕೇರಿಯಲ್ಲಿ ದಲಿತನು ಮೆಟ್ಟನ್ನು ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕೆಂಬ ಕಟ್ಟಳೆ ಎಷ್ಟೋ ಊರುಗಳಲ್ಲಿತ್ತು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆಗಳನ್ನು ಮಾಡಿ ತಂದರೆಂಬ ಕಥೆಯನ್ನು ಜನ ಇಂದಿಗೂ ಹೇಳುವುದು, ಮೆಟ್ಟಿನಲ್ಲಿ ಮಾನವು ಅಡಗಿದೆಯೆಂಬುದನ್ನು ಬಲ್ಲುದರಿಂದಲೇ. ಯಾರು ಏನನ್ನು ಮೆಟ್ಟಬಹುದೆಂಬ ನಿಯಮವು ಎಲ್ಲಿಯೂ ಪಾದದ ರಕ್ಷಣೆಗಾಗಿ ಹುಟ್ಟಿದುದಲ್ಲ. ಯಾರು ಯಾರಿಗಿಂತ ಎತ್ತರವೆಂಬುದನ್ನು ಕಾಯುವುದಕ್ಕಾಗಿ ಹುಟ್ಟಿದುದು.

೨೦೧೪ನೆಯ ಏಪ್ರಿಲ್ ೧೫ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ತೃತೀಯ ಲಿಂಗಿಗಳ ಹಕ್ಕುಗಳನ್ನು ಕುರಿತ ತೀರ್ಪಿನಲ್ಲಿ, ಉಡುಪಿನಿಂದಲೂ ಮಾತಿನಿಂದಲೂ ನಡವಳಿಕೆಯಿಂದಲೂ ಲಿಂಗಭಾವವನ್ನು ವ್ಯಕ್ತಪಡಿಸುವುದು ಸಂವಿಧಾನದ ೧೯ನೆಯ ಅನುಚ್ಛೇದವು ಕೊಟ್ಟ ಸ್ವಾತಂತ್ರ್ಯದೊಳಗೆ ಸೇರಿದುದೆಂದು ನಿರ್ಣಯಿಸಿತು. ನ್ಯಾಯಾಲಯವು ದಂಡನೆಯ ಭಯವನ್ನು ನೀಗಬಲ್ಲುದು, ನಗೆಯನ್ನು ನಿಲ್ಲಿಸಲಾರದು. ಆ ಕೆಲಸ ರೂಢಿಗೆ ಸೇರಿದುದು. ರೂಢಿಯನ್ನು ತಿದ್ದುವುದು ಬಹುಮಟ್ಟಿಗೆ ಪಾಠಶಾಲೆಗೆ ಸೇರಿದುದು. ವಿರಾಟಪರ್ವವನ್ನು ಪಾಠಹೇಳುವ ಉಪಾಧ್ಯಾಯನು ಬೃಹನ್ನಳೆಯ ಹೆಸರು ಬಂದೊಡನೆ ತರಗತಿಯಲ್ಲಿ ಏಳುವ ನಗೆಯನ್ನು ಗದರಿಸಬೇಕಾದುದಿಲ್ಲ. ಕೌರವಸೇನೆಯಲ್ಲಿ ನಕ್ಕವರಾರು, ಗುರುತಿಸಿದವರಾರು ಎಂದು ಕೇಳಿದರೆ ಸಾಕು.

ಎತ್ತರದ ಹಿಮ್ಮಡಿಯ ಪುರುಷನಿಗೆ ಲಗ್ಗೆರೆಯ ಬೀದಿಯು ಕೊಡಬೇಕಾದುದು ಕರಗದ ನಮಸ್ಕಾರವೂ ಅಲ್ಲ, ರಂಗಸ್ಥಳದ ಚಪ್ಪಾಳೆಯೂ ಅಲ್ಲ. ಸೀರೆಯ ಮೇಲೆ ಅಂಗಿ ತೊಟ್ಟು ಕೆಲಸಕ್ಕೆ ಹೊರಟ ಹೆಂಗಸಿಗೆ ಅದೇ ಬೀದಿಯು ಯಾವ ಶಾಸ್ತ್ರವನ್ನೂ ಕೇಳದೆ ಕೊಟ್ಟಿರುವ ದಾರಿಯನ್ನು ಅವನಿಗೂ ಕೊಟ್ಟರೆ ಸಮ್ಮತಿಯು ಪೂರ್ಣವಾಯಿತು.