ಹಿಟ್ಟಿನ ಕೋಳಿಯೂ ತೆರೆಯ ಮೇಲಿನ ರಕ್ತವೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಮನೆಗಳಲ್ಲಿ ಚಲನಚಿತ್ರದ ಮಾತು ಬಂದಾಗ ಎರಡು ಪಕ್ಷಗಳಾಗುವುದು ಹೊಸತೇನಲ್ಲ. ಗಂಡುಮಕ್ಕಳಿಗೆ ಹೊಡೆದಾಟ ಬೇಕು. ಹೆಣ್ಣುಮಕ್ಕಳಿಗೆ ನಗಿಸುತ್ತ ಸಾಗಿ ಮದುವೆಯಲ್ಲಿ ಮುಗಿಯುವ ಪ್ರೇಮಕಥೆ ಬೇಕು ಎಂಬುದು ರೂಢಿಯ ತಿಳುವಳಿಕೆ. ಆಡುಮಾತಿನಲ್ಲಿ ಮೊದಲನೆಯದು ‘ಫೈಟಿಂಗ್ ಪಿಕ್ಚರ್’, ಎರಡನೆಯದು ‘ಫ್ಯಾಮಿಲಿ ಪಿಕ್ಚರ್’. ಟಾಕೀಸಿನ ಕಾಲ ಸರಿದು ದೂರದರ್ಶನ ಬಂದರೂ, ಅದೂ ಹಿಂದೆ ಸರಿದು ಮನೆಯ ಪ್ರತಿಯೊಬ್ಬರೂ ತಮ್ಮ ತಮ್ಮ ಮೊಬೈಲಿನಲ್ಲಿ ತಮಗೆ ಬೇಕಾದುದನ್ನು ನೋಡುವಂತಾದರೂ ಈ ವಿಂಗಡಣೆ ಅಳಿದಿಲ್ಲ. ಜೈನ ಕುಟುಂಬಗಳಲ್ಲಿ ಇದಕ್ಕೆ ಇನ್ನೊಂದು ತೂಕವೂ ಸೇರಿಕೊಳ್ಳುತ್ತದೆ. ಹೊಡೆದಾಟದ ಚಿತ್ರವನ್ನು ಹಿಂಸೆಯ ಲೆಕ್ಕಕ್ಕೆ ಹಾಕಿ ಬೇಡವೆನ್ನುವ ಹಿರಿಯರು, ನಗೆಯ ಪ್ರೇಮಕಥೆಯನ್ನು ನಿರುಪದ್ರವಿಯೆಂದು ಒಳಗೆ ಬಿಟ್ಟುಕೊಳ್ಳುತ್ತಾರೆ. ಈ ತೀರ್ಪು ಎಷ್ಟರ ಮಟ್ಟಿಗೆ ಸರಿ ಎಂಬುದು ವಿಚಾರಾರ್ಹವಾದುದು.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಈ ಎರಡು ಅಭಿರುಚಿಗಳನ್ನು ಸಿನಿಮಾ ತಂದದ್ದಲ್ಲ. ಈ ಸೀಮೆಯ ಜನ ಚಿತ್ರ ನೋಡುವುದಕ್ಕೆ ಮುಂಚೆಯೇ ಎರಡನ್ನೂ ಬಯಲಾಟದ ಅಟ್ಟದ ಮುಂದೆ ಕುಳಿತು ಅನುಭವಿಸಿದ್ದರು. ದೊಡ್ಡಾಟದಲ್ಲಿ ಭುಜಕೀರ್ತಿ ಕಟ್ಟಿದ ವೀರರು ಆಯುಧ ಝಳಪಿಸಿ ಅಟ್ಟ ನಡುಗುವಂತೆ ಕುಣಿಯುತ್ತಿದ್ದರು. ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆಯ ಸೆಡವು, ಕೃಷ್ಣನ ಜಾಣ್ಮೆ, ಕೊರವಂಜಿಯ ಮಾತುಗಾರಿಕೆ ನಗೆಯನ್ನು ಬೆಳಗಿನವರೆಗೆ ಕಾಯ್ದುಕೊಳ್ಳುತ್ತಿದ್ದವು. ಗೀಗೀ ಮೇಳಗಳ ಹರದೇಶಿ ನಾಗೇಶಿಯಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ವಾದ ಸರಿರಾತ್ರಿ ದಾಟುತ್ತಿತ್ತು. ಕೇಳುವವರೂ ಎರಡು ಪಂಗಡವಾಗಿ ತಮ್ಮ ಪಕ್ಷದ ಹಾಡಿಗೆ ಶಹಬಾಸ್ ಎನ್ನುತ್ತಿದ್ದರು. ಹಲಸಂಗಿಯ ಖಾಜಾಭಾಯಿಯಂತಹ ಲಾವಣಿಕಾರ ಬಾಳಿದ ನೆಲ ಇಂಡಿಯ ಸೀಮೆ. ಗಂಡುಹೆಣ್ಣಿನ ಜಗಳವನ್ನು ರಸವಾಗಿ ಸವಿಯುವುದನ್ನು ಈ ಪ್ರೇಕ್ಷಕನಿಗೆ ಬೆಂಗಳೂರಿನವರು ಕಲಿಸಬೇಕಾಗಿರಲಿಲ್ಲ.

ಹೀಗಿರುವಾಗ ಒಂದು ರುಚಿ ಕೀಳು, ಇನ್ನೊಂದು ಮೇಲು ಎಂದು ಪ್ರಕಾರದ ಹೆಸರಿನಿಂದಲೇ ನಿರ್ಣಯಿಸುವುದು ಅವಸರದ ಕೆಲಸ. ಶಾಸ್ತ್ರವೂ ಅದನ್ನು ಸಮರ್ಥಿಸುವುದಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ‘ದುಃಶ್ರುತಿ’ಯೂ ಒಂದು, ಚಿತ್ತವನ್ನು ಕಲುಷಿತಗೊಳಿಸುವುದನ್ನು ಕೇಳುವುದೆಂದು ಅದರ ತಾತ್ಪರ್ಯ. ಆ ಕಾಲುಷ್ಯಕ್ಕೆ ಕಾರಣವಾಗುವವುಗಳ ಪಟ್ಟಿಯಲ್ಲಿ ಸಾಹಸ, ದ್ವೇಷ, ರಾಗ, ಮದ, ಮದನ ಎಲ್ಲವೂ ಒಂದೇ ಸಾಲಿನಲ್ಲಿ ಕುಳಿತಿವೆ. ಕನ್ನಡ ಚಿತ್ರಗಳ ಶೀರ್ಷಿಕೆಗಳಲ್ಲಿ ಹೊಡೆದಾಟದ ನಿರ್ದೇಶಕನ ಹೆಸರಿನ ಮುಂದೆ ‘ಸಾಹಸ’ ಎಂದೇ ಅಚ್ಚಾಗುತ್ತದೆ; ಆಚಾರ್ಯರು ಅದರ ಪಕ್ಕದಲ್ಲಿಯೇ ರಾಗವನ್ನೂ ಮದನನನ್ನೂ ಇರಿಸಿದ್ದನ್ನು ಮನೆಯ ಹಿರಿಯರು ಮರೆಯುವುದುಂಟು. ಹಾಸ್ಯ ಮತ್ತು ರತಿ ಕೂಡ ನೋಕಷಾಯಗಳೇ ಅಲ್ಲವೆ?

ಇದಕ್ಕೆ ಹೊಡೆದಾಟದ ಪಕ್ಷದವರು ಕೊಡುವ ಉತ್ತರ ಎಲ್ಲರಿಗೂ ಪರಿಚಿತವಾದುದು. ತೆರೆಯ ಮೇಲೆ ಹರಿಯುವುದು ಬಣ್ಣದ ನೀರು, ಯಾರೂ ಸಾಯುವುದಿಲ್ಲ, ಬಿದ್ದವನು ಎದ್ದು ಚಹ ಕುಡಿಯುತ್ತಾನೆ. ಈ ಉತ್ತರಕ್ಕೆ ಜನ್ನನು 1209ರಲ್ಲಿಯೇ, ಯಶೋಧರ ಚರಿತೆಯಲ್ಲಿ, ಪ್ರತ್ಯುತ್ತರ ಬರೆದಿಟ್ಟಿದ್ದಾನೆ. ತಾಯಿಯ ಮಾತಿಗೆ ಕಟ್ಟುಬಿದ್ದು ಯಶೋಧರ ಬಲಿಕೊಟ್ಟದ್ದು ಜೀವವಿಲ್ಲದ ಹಿಟ್ಟಿನ ಕೋಳಿಯನ್ನು. ಆದರೆ ಕಡಿದಾಗ ಅದು ಕೂಗಿತು. ತಾಯಿಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಅಲೆಯಬೇಕಾಯಿತು. ಕೊಲ್ಲುವ ಸಂಕಲ್ಪಕ್ಕೆ ಎದುರಿನ ವಸ್ತು ಹಿಟ್ಟೋ ಮಾಂಸವೋ ಎಂಬ ಭೇದವಿಲ್ಲ ಎಂಬುದನ್ನು ಇದಕ್ಕಿಂತ ನಿಷ್ಠುರವಾಗಿ ಹೇಳಿದ ಕಥೆ ಅಪರೂಪ. ತೆರೆಯ ಮೇಲಿನ ಖಳನೂ ಒಂದರ್ಥದಲ್ಲಿ ಹಿಟ್ಟಿನ ಕೋಳಿಯೇ.

ಹಾಗಾದರೆ ಹೊಡೆದಾಟವೇ ವರ್ಜ್ಯವೆಂದು ವಿಚಾರ ಮುಗಿಸಬಹುದಾಗಿತ್ತು. ಮುಗಿಸಗೊಡದವನು ರನ್ನ. ಹಿಂದೆ ಬಿಜಾಪುರ ಜಿಲ್ಲೆಗೆ ಸೇರಿದ್ದ ಮುಧೋಳದವನು, ಬಳೆಗಾರರ ಮನೆಯಲ್ಲಿ ಹುಟ್ಟಿದ ಜೈನಕವಿ, ಅಜಿತಪುರಾಣ ಬರೆದವನು. ಕನ್ನಡದಲ್ಲಿ ಇಬ್ಬರು ವೀರರ ಹೊಡೆದಾಟವನ್ನೇ ಶಿಖರವಾಗಿ ಉಳ್ಳ ಮಹಾಕಾವ್ಯವನ್ನು, ಗದಾಯುದ್ಧವನ್ನು, ಬರೆದವನೂ ಅವನೇ. ಇಂದಿನ ಯಾವ ಸಾಹಸ ನಿರ್ದೇಶಕನೂ ನಾಚಬೇಕಾದ ಆರ್ಭಟ ಅಲ್ಲಿದೆ. ಆದರೆ ಗದೆಗಳು ತಾಗುವುದಕ್ಕೆ ಮುನ್ನ ರನ್ನ ದುರ್ಯೋಧನನನ್ನು ಸಂಜಯನೊಡನೆ ರಣಭೂಮಿಯಲ್ಲಿ ನಡೆಸುತ್ತಾನೆ. ಹೆಣಗಳ ನಡುವೆ ಕಾಲಿಡಲು ತಾವಿಲ್ಲ. ದ್ರೋಣ ಬಿದ್ದಿದ್ದಾನೆ, ದುಶ್ಶಾಸನ ಬಿದ್ದಿದ್ದಾನೆ, ಹುಟ್ಟಿನಲ್ಲಿ ಹಿರಿಯನಾದವನು ಸಾವಿನಲ್ಲಿ ತಮ್ಮನಿಗಿಂತ ಹಿಂದುಳಿದ ಸಂಕಟ ಅಣ್ಣನದು, ಕರ್ಣನ ಮುಂದೆ ಮಾತು ಒಡೆಯುತ್ತದೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ಅವನು ನಿಲ್ಲುತ್ತಾನೆ, ಅವನಂತಹ ಸಾವು ತನಗೆ ದೊರಕಲೆಂದು ಬಯಸುತ್ತಾನೆ. ಕಾವ್ಯದ ನಾಯಕ ಭೀಮನೆಂದು ಹೇಳಿಕೊಂಡೇ ಕವಿ ಬಿದ್ದವರ ಮುಖವನ್ನು ಒಂದೊಂದಾಗಿ ತೋರಿಸಿದ. ಓದುಗ ಗದಾಯುದ್ಧದ ಕೊನೆಯಲ್ಲಿ ಗೆದ್ದವನೊಡನೆ ಕುಣಿಯಲಾರ. ಹೊಡೆದಾಟವನ್ನು ಚಿತ್ರಿಸುವುದು ಬೇರೆ, ಅದಕ್ಕೆ ಅನುಮೋದನೆ ಬೇಡುವುದು ಬೇರೆ; ಇವೆರಡರ ನಡುವಿನ ಅಂತರ ಬಿದ್ದವನ ಮುಖ ಕಾಣಿಸುತ್ತದೆಯೋ ಇಲ್ಲವೋ ಎಂಬುದರಲ್ಲಿದೆ.

ಈ ಅಳತೆಗೋಲನ್ನು ಹಿಡಿದು ನೋಡಿದರೆ ಹೊಡೆದಾಟದ ಚಿತ್ರಗಳೆಲ್ಲ ಒಂದೇ ತೂಕದವಲ್ಲ. 1995ರಲ್ಲಿ ಉಪೇಂದ್ರರು ನಿರ್ದೇಶಿಸಿ ಶಿವರಾಜಕುಮಾರ್ ಅಭಿನಯಿಸಿದ ‘ಓಂ’ ಮತ್ತೆ ಮತ್ತೆ ಬಿಡುಗಡೆಯಾಗುತ್ತ ತಲೆಮಾರು ದಾಟಿದ ಚಿತ್ರ. ಅರ್ಚಕರ ಮನೆಯ ಮಗನೊಬ್ಬ ಪ್ರೇಮದ ದಾರಿಯಲ್ಲಿಯೇ ರೌಡಿತನಕ್ಕೆ ಇಳಿಯುವ ಕಥೆ. ನಿಜಜೀವನದ ರೌಡಿಗಳೇ ಕೆಲವು ಪಾತ್ರಗಳಲ್ಲಿ ಕಾಣಿಸಿಕೊಂಡದ್ದು ಆಗ ಸುದ್ದಿಯಾಗಿತ್ತು. ಆ ಬದುಕು ಒಂದು ಕೂಪವೆಂಬುದನ್ನು ಚಿತ್ರ ಬಚ್ಚಿಡುವುದಿಲ್ಲ. ಆದರೂ ಅಭಿಮಾನಿಗಳ ನೆನಪಿನಲ್ಲಿ ಉಳಿದದ್ದು ಆ ಎಚ್ಚರಿಕೆಯಲ್ಲ, ನಾಯಕನ ಕೈಯ ಲಾಂಗು. ನಿರ್ದೇಶಕ ಹೇಳಿದ್ದೊಂದು, ಭಿತ್ತಿಚಿತ್ರ ಹೇಳಿದ್ದೊಂದು ಎಂದು ಬಿಟ್ಟುಬಿಡುವಂತಿಲ್ಲ. ಆಯುಧವನ್ನು ಅಷ್ಟು ಮೋಹಕವಾಗಿ ತೋರಿಸಿದ ಕಣ್ಣು ನಿರ್ದೇಶಕನದೇ.

ಈ ನಾಲ್ಕು ತಾಲೂಕುಗಳ ಮಟ್ಟಿಗೆ ಇನ್ನೂ ಹತ್ತಿರದ ಚಿತ್ರವೊಂದಿದೆ. ಇಂಡಿ ಸಿಂದಗಿಗಳ ಪಕ್ಕದಲ್ಲಿ ಹರಿಯುವ ಭೀಮಾನದಿಯ ಹೆಸರು ರಾಜ್ಯದ ಉಳಿದ ಭಾಗಗಳಲ್ಲಿ ಅನೇಕರಿಗೆ ತಲುಪಿದ್ದು ನೀರಾವರಿಯಿಂದಲ್ಲ, ಹಗೆತನದಿಂದ. ರವಿ ಬೆಳಗೆರೆಯವರ ‘ಭೀಮಾ ತೀರದ ಹಂತಕರು’ ಪುಸ್ತಕದ ಹೆಸರೇ ಒಂದು ಬಿರುದಾಗಿ ಈ ಸೀಮೆಗೆ ಅಂಟಿಕೊಂಡಿತು. 2012ರಲ್ಲಿ ಓಂ ಪ್ರಕಾಶ್ ರಾವ್ ಅವರ ನಿರ್ದೇಶನದಲ್ಲಿ ‘ಭೀಮಾ ತೀರದಲ್ಲಿ’ ಚಿತ್ರ ಬಂತು. ಚಂದಪ್ಪನ ಪಾತ್ರದಲ್ಲಿ ವಿಜಯ್. ಕಥೆ ಯಾರದು ಎಂಬ ಬಗ್ಗೆ ಲೇಖಕರಿಗೂ ಚಿತ್ರತಂಡಕ್ಕೂ ಬಹಿರಂಗ ವಾಗ್ವಾದವೇ ನಡೆಯಿತು. ಆ ಜಗಳದ ಗದ್ದಲದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಹಿಂದೆ ಬಿತ್ತು. ಕಥೆ ಬರೆದವರದೋ ತೆಗೆದವರದೋ ಎನ್ನುವುದಕ್ಕಿಂತ ಮುಂಚೆ ಅದು ಸತ್ತವರದು, ಅವರ ಹಿಂದೆ ಉಳಿದವರದು. ದೂರದ ಪ್ರೇಕ್ಷಕನಿಗೆ ಅದೊಂದು ರೋಚಕ ಕಥೆ. ಇಲ್ಲಿಯವರಿಗೆ ಹಾಗಲ್ಲ. ಬಾಜಾರದ ದಿನ ಎದುರಾಗುವ ವಿಧವೆಯ, ಶಾಲೆ ಬಿಟ್ಟ ಮಗನ, ಹೊಲ ಬೀಳುಬಿಟ್ಟು ಊರು ತೊರೆದ ಅಣ್ಣತಮ್ಮಂದಿರ ಸಂಗತಿ ಅದು. ಅನ್ಯಾಯಕ್ಕೆ ಗುರಿಯಾದವನು ಬಂದೂಕು ಹಿಡಿದ ಎಂಬಲ್ಲಿಗೆ ಅನುಕಂಪವನ್ನು ನಿಲ್ಲಿಸಿದರೆ, ಆ ಬಂದೂಕಿನ ಮುಂದೆ ನಿಂತವನಿಗೆ ಉಳಿಯುವುದೇನು? ಪ್ರಣೀತಾ ಅವರು ನಿರ್ವಹಿಸಿದ ಭೀಮವ್ವನ ಪಾತ್ರ ಮೆಚ್ಚುಗೆ ಗಳಿಸಿದ್ದು ಆಕಸ್ಮಿಕವಲ್ಲ. ಇಂತಹ ಕಥೆಗಳಲ್ಲಿ ಹಗೆಯ ಬೆಲೆ ತೆರುವ ಮುಖ ಹೆಂಗಸಿನದೇ. ಅಂಥ ಮುಖಕ್ಕೆ ಕೊಟ್ಟ ಕಾಲ ಗುಂಡಿನ ಸದ್ದಿಗೆ ಕೊಟ್ಟ ಕಾಲಕ್ಕಿಂತ ಕಡಿಮೆಯಾದಷ್ಟೂ ಚಿತ್ರ ರನ್ನನಿಂದ ದೂರ ಸರಿಯುತ್ತದೆ.

ಹಾಗೆಂದು ಹೊಡೆದಾಟ ಮೆಚ್ಚುವ ತರುಣನನ್ನು ಕ್ರೂರಿಯೆಂದು ಬಗೆಯುವುದು ಅನ್ಯಾಯ. ಅವನು ಬಯಸುವುದು ರಕ್ತವನ್ನಲ್ಲ, ತೀರ್ಮಾನವನ್ನು. ತಹಶೀಲ್ದಾರ ಕಚೇರಿಯಲ್ಲಿ ಪಹಣಿಯ ತಿದ್ದುಪಡಿಗೆ ವರ್ಷ ಅಲೆದವನು, ಕೋರ್ಟಿನ ತಾರೀಖುಗಳಲ್ಲಿ ಅಪ್ಪನ ಆಯುಷ್ಯ ಸವೆದುದನ್ನು ಕಂಡವನು, ಮೂರು ತಾಸಿನೊಳಗೆ ನ್ಯಾಯ ಒಂದು ಮುಷ್ಟಿಯಿಂದ ಇತ್ಯರ್ಥವಾಗುವುದನ್ನು ನೋಡಿ ಸೀಟಿ ಹೊಡೆದರೆ ಆಶ್ಚರ್ಯವೇನು? 2018 ಮತ್ತು 2022ರ ‘ಕೆಜಿಎಫ್’ ಚಿತ್ರಗಳ ಅಬ್ಬರವೂ ಈ ಹಸಿವನ್ನೇ ನಂಬಿದೆ, ಅಲ್ಲಿ ಬಿದ್ದವರನ್ನು ಎಣಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಈ ಹಸಿವನ್ನು ಗುರುತಿಸದೆ ‘ಹಿಂಸೆ’ ಎಂಬ ಒಂದೇ ಶಬ್ದದಿಂದ ಬಾಗಿಲು ಹಾಕಿದ ಮನೆಯಲ್ಲಿ ಹುಡುಗ ಅದೇ ಚಿತ್ರವನ್ನು ಹೊದಿಕೆಯೊಳಗೆ ನೋಡುತ್ತಾನೆ.

ಇನ್ನು ಒಳಗೆ ಬಿಟ್ಟುಕೊಂಡ ಪ್ರೇಮಹಾಸ್ಯದ ವಿಚಾರ. ಈ ಪ್ರಕಾರದ ಒಳ್ಳೆಯ ಕನ್ನಡ ಮಾದರಿ ಫಣಿ ರಾಮಚಂದ್ರರ ‘ಗಣೇಶನ ಮದುವೆ’ (1990). ಒಂದೇ ವಠಾರದಲ್ಲಿದ್ದು ಒಬ್ಬರನ್ನೊಬ್ಬರು ಕಂಡರಾಗದ ಅನಂತನಾಗ್, ವಿನಯಾ ಪ್ರಸಾದ್. ಆತ ಮನಸೋತದ್ದು ಕಾಣದ ಗಾಯಕಿಯೊಬ್ಬಳ ಕಂಠಕ್ಕೆ. ಆಕೆ ಜಗಳಗಂಟಿ ನೆರೆಯವಳೇ ಎಂಬುದು ಅವನಿಗೆ ತಿಳಿಯದು. (ಕಂಠವನ್ನು ಕೇಳಿ ಮರುಳಾದ ಅಮೃತಮತಿಯನ್ನು ಜನ್ನ ನಡೆಸಿದ ದಾರಿ ಬೇರೆ, ಇದು ಬೇರೆ.) ಈ ಚಿತ್ರದ ನಗೆಯಲ್ಲಿ ಇಬ್ಬರೂ ಸಮಾನವಾಗಿ ಪೆಟ್ಟು ತಿನ್ನುತ್ತಾರೆ, ಇಬ್ಬರೂ ಸಮಾನವಾಗಿ ಹಿಂದಿರುಗಿಸುತ್ತಾರೆ. ಹರದೇಶಿ ನಾಗೇಶಿಯನ್ನು ಕೇಳಿ ಬೆಳೆದವರ ಮೊಮ್ಮಕ್ಕಳಿಗೆ ಅದು ಸಲೀಸಾಗಿ ಹಿಡಿಸಿದ್ದರೆ ಅದಕ್ಕೆ ಕಾರಣ ಈ ಸಮತೂಕ.

ಎಲ್ಲವೂ ಹಾಗಿಲ್ಲ. ಹಿಂದಿನ ಬಿಜಾಪುರ ಜಿಲ್ಲೆಯವರೇ ಆದ ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಕಂಪನಿ ನಾಟಕವಾಗಿ ಮೆರೆದು 1974ರಲ್ಲಿ ರಾಜಕುಮಾರ್, ಮಂಜುಳಾ ಅಭಿನಯದ ಚಿತ್ರವಾಯಿತು. ಸಿರಿವಂತಿಕೆಯ ಸೊಕ್ಕನ್ನು ದುಡಿಮೆಯ ಮುಂದೆ ಬಾಗಿಸುವ ಆಶಯ ಘನವಾದುದೇ. ಆದರೆ ಸೊಕ್ಕಿನ ಹುಡುಗಿ ಬಾಗಿದಾಗ ಕೊಟ್ಟಿಗೆಯಲ್ಲಿ ಎದ್ದ ಚಪ್ಪಾಳೆ ಸಂಪತ್ತು ಸೋತದ್ದಕ್ಕೋ, ಹೆಣ್ಣು ಸೋತದ್ದಕ್ಕೋ? ಅನಂತರದ ಪ್ರೇಮಹಾಸ್ಯಗಳು ಧುತ್ತರಗಿಯವರ ಆಶಯವನ್ನು ಕೈಬಿಟ್ಟು ಚಪ್ಪಾಳೆಯನ್ನು ಮಾತ್ರ ಉಳಿಸಿಕೊಂಡವು. ಬೇಡವೆಂದ ಹುಡುಗಿಯನ್ನು ಕಾಲೇಜಿನಿಂದ ಬಸ್ ನಿಲ್ದಾಣದವರೆಗೆ ಹಿಂಬಾಲಿಸುವುದು, ಗೆಳೆಯರ ನೆರವಿನಿಂದ ಸುಳ್ಳಿನ ಬಲೆ ನೇಯುವುದು, ಅವಳ ‘ಇಲ್ಲ’ವನ್ನು ‘ಹೌದು’ ಎಂದು ಅರ್ಥೈಸಿ ಹಾಡಿಗೆ ಜಿಗಿಯುವುದು ಇವೆಲ್ಲ ನಗೆಯ ಹೊದಿಕೆಯಲ್ಲಿ ಸಾಗುತ್ತವೆ. ಒಂದು ಹನಿ ರಕ್ತ ಕಾಣುವುದಿಲ್ಲವಾದ್ದರಿಂದ ಮನೆಯವರೆಲ್ಲ ಕೂಡಿ ನೋಡುತ್ತಾರೆ. ಮಾಯೆಯೂ ಅಸತ್ಯವೂ ಹಿಂಸೆಗೆ ಹೊರತಾದವೇ ಎಂದು ಅಲ್ಲಿ ಕುಳಿತ ಮಗಳು ಕೇಳಿದರೆ ಹಿರಿಯರ ಬಳಿ ಉತ್ತರ ಸಿದ್ಧವಾಗಿರಬೇಕು. ನಾಳೆ ಅದೇ ಬಸ್ ನಿಲ್ದಾಣದಲ್ಲಿ ನಿಲ್ಲುವವಳು ಅವಳು.

ಯೋಗರಾಜ ಭಟ್ಟರ ‘ಮುಂಗಾರು ಮಳೆ’ (2006) ಈ ರೂಢಿಯೊಳಗೇ ಹುಟ್ಟಿ ಅದನ್ನು ಅರ್ಧ ಮೀರಿದ ಚಿತ್ರ. ಮದುವೆ ನಿಶ್ಚಯವಾದವಳ ಬೆನ್ನು ಬಿಡದ ಪ್ರೀತಂ ಮೊದಲರ್ಧದಲ್ಲಿ ಹಳೆಯ ಪಾಠವನ್ನೇ ಒಪ್ಪಿಸುತ್ತಾನೆ. ಕೊನೆಯಲ್ಲಿ, ಅವಳು ಒಲಿದ ಮೇಲೆ, ಬಿಟ್ಟುಕೊಡುತ್ತಾನೆ. ಪಡೆಯುವುದೇ ಪ್ರೇಮದ ಗೆಲುವೆಂದು ನಂಬಿದ ಪ್ರೇಕ್ಷಕ ಅಲ್ಲಿ ತ್ಯಾಗಕ್ಕೆ ಕಣ್ಣೀರು ಹಾಕಿದ. ಮಳೆಗಾಗಿ ಮುಗಿಲು ನೋಡುವ ಬರಸೀಮೆಯ ಜನ ಕೊಡಗಿನ ಎಡೆಬಿಡದ ಮಳೆಯನ್ನು ಎರಡೂವರೆ ತಾಸು ನೋಡಿ ಮೆಚ್ಚಿದ್ದರಲ್ಲಿ ಪ್ರೇಮಕ್ಕೆಷ್ಟು ಪಾಲು, ನೀರಿಗೆಷ್ಟು ಎಂಬುದನ್ನು ಯಾರೂ ಅಳೆದಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ ಆ ಚಿತ್ರಕ್ಕೆ ಅತ್ತವರಲ್ಲಿ ಲಾಂಗಿನ ಅಭಿಮಾನಿಗಳೂ ಇದ್ದರು, ಸಾಹಸ ಚಿತ್ರಗಳಿಗೆ ಸೀಟಿ ಹೊಡೆದವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಗಂಡಿಗೊಂದು ರುಚಿ ಹೆಣ್ಣಿಗೊಂದು ರುಚಿ ಎಂಬ ಲೆಕ್ಕ ಟಾಕೀಸಿನ ಕತ್ತಲೆಯಲ್ಲಿ ನಿಲ್ಲುವುದಿಲ್ಲ.

ಪ್ರೇಮಹಾಸ್ಯದ ಇನ್ನೊಂದು ಪೆಟ್ಟು ನೇರವಾಗಿ ಈ ನಾಲ್ಕು ತಾಲೂಕುಗಳ ನಾಲಿಗೆಯ ಮೇಲೆಯೇ ಬೀಳುತ್ತದೆ. ಬೆಂಗಳೂರಿನಲ್ಲಿ ತಯಾರಾದ ಎಷ್ಟೋ ನಗೆಚಿತ್ರಗಳಲ್ಲಿ ನಾಯಕ ನಾಯಕಿಯರು ಆಡುವುದು ಒಂದು ಕನ್ನಡ. ‘ಏನ್ರೀ’, ‘ಹೌದಲ್ಲೋ’ ಎನ್ನುವ ಬಡಗಣ ಕನ್ನಡ ಆಡುವವನು ಅಡುಗೆಯವನು, ಕಾವಲುಗಾರ, ಪೆದ್ದ ಗೆಳೆಯ. ಅವನು ಬಾಯಿ ತೆರೆದರೆ ಸಾಕು, ನಗಬೇಕು. ಸಿಂದಗಿಯ ಪ್ರೇಕ್ಷಕನೂ ನಗುತ್ತಾನೆ. ತನ್ನ ಅವ್ವನ ಮಾತನ್ನೇ ತೆರೆಯ ಮೇಲೆ ಗೇಲಿ ಮಾಡುತ್ತಿದ್ದಾರೆಂಬುದು ಹೊರಬಂದು ಚಹ ಕುಡಿಯುವಾಗ ಹೊಳೆದರೂ ಹೊಳೆಯಬಹುದು. ಸಾಹಸ ಚಿತ್ರ ಈ ಸೀಮೆಯವನ ಕೈಗೆ ಬಂದೂಕು ಕೊಟ್ಟಿತು, ನಗೆಯ ಚಿತ್ರ ಅವನ ಬಾಯಿಗೆ ಪೆದ್ದುತನ ಕೊಟ್ಟಿತು. ಮನೆಯ ಹಿರಿಯರು ತಡೆದದ್ದು ಮೊದಲನೆಯದನ್ನು ಮಾತ್ರ.

2023ರಲ್ಲಿ ಇಂಡಿಯ ನಿಂಬೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಭೀಮೆಯ ದಡದ ಆ ತೋಟಗಳಲ್ಲಿ ಗಂಡಹೆಂಡಿರು ಜಗಳವಾಡುತ್ತಾರೆ, ನಗುತ್ತಾರೆ, ಹುಡುಗ ಹುಡುಗಿಯರು ಒಬ್ಬರನ್ನೊಬ್ಬರು ನೋಡಿ ಮೆಚ್ಚುತ್ತಾರೆ, ಹಗೆ ಕಟ್ಟಿಕೊಂಡ ಮನೆಗಳು ಒಂದೇ ಬಾವಿಯ ನೀರಿಗೆ ಪಾಳಿ ಕಾಯುತ್ತವೆ. ಹೊಡೆದಾಟಕ್ಕೂ ಪ್ರೇಮಹಾಸ್ಯಕ್ಕೂ ಅಲ್ಲಿ ಕಥೆಯ ಬರವಿಲ್ಲ. ಭೀಮಾತೀರಕ್ಕೆ ಕ್ಯಾಮೆರಾ ಹೊತ್ತು ಬಂದವರ ಕಣ್ಣಿಗೆ ಮೊದಲು ಬಿದ್ದದ್ದು ಮಾತ್ರ ತೋಟದ ಬೇಲಿಯ ಆಚೆ ಬಿದ್ದಿದ್ದ ನಾಡಪಿಸ್ತೂಲು.