ಹಿತ್ತಾಳೆ ಕಿವಿ, ಕಂಚಿನ ತಂತಿ

ಗಿಟಾರ್ ತಂತಿಯ ಪೊಟ್ಟಣದ ಮೇಲೆ ದೊಡ್ಡಕ್ಷರದಲ್ಲಿ ‘80/20 ಬ್ರಾಂಜ್’ ಅಂತ ಬರೆದಿರುತ್ತೆ. ಬ್ರಾಂಜ್ ಅಂದರೆ ಕಂಚು, ಸರಿ. ಆದರೆ ಒಳಗಿನ ತಂತಿಯ ಸುತ್ತಿನಲ್ಲಿರೋದು 80 ಭಾಗ ತಾಮ್ರ, 20 ಭಾಗ ಸತು. ತಾಮ್ರಕ್ಕೆ ತವರ ಸೇರಿದರೆ ಕಂಚು, ಸತು ಸೇರಿದರೆ ಹಿತ್ತಾಳೆ. ಹುಣಸೆಹಣ್ಣು ಹಚ್ಚಿ ಪಾತ್ರೆ ತಿಕ್ಕಿದ ಮನೆಯವರಿಗೆ ಇವೆರಡರ ವ್ಯತ್ಯಾಸ ಚೆನ್ನಾಗಿಯೇ ಗೊತ್ತು. ಅಂದರೆ ಪೊಟ್ಟಣ ಹೇಳೋದು ಕಂಚು, ಕೊಡೋದು ಹಿತ್ತಾಳೆ. ಹೇಳಿದ್ದನ್ನೆಲ್ಲ ನಂಬುವ ಕಿವಿಗೂ ನಮ್ಮಲ್ಲಿ ಅದೇ ಲೋಹದ ಹೆಸರಿದೆ ಅನ್ನೋದು ಕಾಕತಾಳೀಯ ಇರಬಹುದು.

ಹಿತ್ತಾಳೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ತಂಬೂರಿಯ ಖರ್ಜದ ತಂತಿ ಹಿತ್ತಾಳೆಯದೇ. ನನ್ನ ತಕರಾರು ನಾವು ತಂತಿ ಆರಿಸುವ ರೀತಿಯ ಬಗ್ಗೆ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡ್ತೀವಿ. ಒಬ್ಬರು ಐದು ಕಂಪನಿಯ ತಂತಿಗಳನ್ನು ಒಂದಾದ ಮೇಲೊಂದು ಹಾಕಿ ನುಡಿಸಿ, ಇದು ಬ್ರೈಟು, ಇದು ವಾರ್ಮು, ಇದು ಕ್ರಿಸ್ಪು ಅಂತಾರೆ. ಎಲ್ಲವೂ ಆಗಷ್ಟೇ ಪೊಟ್ಟಣದಿಂದ ತೆಗೆದ ತಂತಿಗಳು. ಕೋಣೆ ಎಸಿಯದ್ದು, ಗಿಟಾರು ದುಬಾರಿಯದ್ದು, ಪಕ್ಕದಲ್ಲಿ ಹಾಡುವವರು ಯಾರೂ ಇಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಈ ನಾಲ್ಕರಲ್ಲಿ ಒಂದೂ ನಿಜವಲ್ಲ.

ಇದನ್ನು ಇಷ್ಟು ದೊಡ್ಡ ವಿಷಯ ಮಾಡಬೇಕಾ ಅಂದ್ರೆ, ಮಾಡಬೇಕು. ವರ್ಕ್ ಫ್ರಂ ಹೋಮ್ ಶುರುವಾದ ಮೇಲೆ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಜೊತೆ ಊರಿಗೆ ಬಂದ ಗಿಟಾರುಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಈಗ ಅವುಗಳಲ್ಲಿ ಹೆಚ್ಚಿನವು ಗೋಡೆಯ ಮೊಳೆಗೆ ನೇತುಬಿದ್ದಿವೆ. ಯಾಕೆ ಅಂತ ಕೇಳಿದರೆ, ‘ಸೌಂಡೇ ಸರಿ ಬರಲ್ಲ ಮಾರಾಯ’ ಅನ್ನೋ ಉತ್ತರ. ಒಂದೋ ಇನ್ನೂ ದುಬಾರಿ ಗಿಟಾರು ಕೊಳ್ಳಬೇಕು, ಇಲ್ಲಾ ಬಿಟ್ಟುಬಿಡಬೇಕು ಅಂತ ಅಂದುಕೊಂಡಿರ್ತಾರೆ. ಇವೆರಡರ ನಡುವೆ ಕೆಲವು ನೂರು ರೂಪಾಯಿಯ ಒಂದು ದಾರಿ ಇದೆ. ಆ ದಾರಿಯಲ್ಲಿ ಹೋಗೋಕೂ ಸರಿಯಾದ ಪ್ರಶ್ನೆ ಬೇಕು.

ಮೊದಲು ತಂತಿಯ ವಿಷಯ. ಸ್ಟೀಲ್ ತಂತಿಯ ಗಿಟಾರಿನಲ್ಲಿ ತೆಳುವಾದ ಎರಡು ತಂತಿ ಬರೀ ಉಕ್ಕು. ಉಳಿದ ನಾಲ್ಕಕ್ಕೆ ಒಳಗೆ ಉಕ್ಕಿನ ಎಳೆ, ಹೊರಗೆ ಕಂಚಿನ ಅಥವಾ ಹಿತ್ತಾಳೆಯ ಸುತ್ತು. ಮೀಟಿದಾಗ ಮೂಲ ಸ್ವರದ ಜೊತೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಕಂಪನದ ಸ್ವರಗಳೂ ಹೊರಡುತ್ತವೆ. ಹೊಸ ತಂತಿ ಉದ್ದಕ್ಕೂ ಒಂದೇ ತೂಕ ಇರೋದರಿಂದ ಇವೆಲ್ಲ ಲೆಕ್ಕಕ್ಕೆ ಸರಿಯಾಗಿ ಕೂರುತ್ತವೆ. ಬೆವರು, ಕೊಳೆ, ಕಿಲುಬು ಸುತ್ತುಗಳ ಸಂದಿಯಲ್ಲಿ ತುಂಬಿಕೊಂಡ ಹಾಗೆ ಮೇಲಿನ ಸ್ವರಗಳು ಮೊದಲು ಸಾಯುತ್ತವೆ. ತಂಬೂರಿಯಲ್ಲಾದರೆ ಅಗಲವಾದ ಕುದುರೆಯ ಮೇಲೆ ತಂತಿಯ ಅಡಿಗೆ ನೂಲೆಳೆ ಸರಿಸಿ ಜವಾರಿ ಕೂರಿಸಬಹುದು. ಗಿಟಾರಿನಲ್ಲಿ ತಂತಿ ಕೂರೋದು ಕಿರಿದಾದ ಅಂಚಿನ ಮೇಲೆ, ನೂಲಿಗೆ ಅಲ್ಲಿ ಜಾಗವಿಲ್ಲ. ಆ ನೂಲು ಮಾಡುವ ಕೆಲಸದ ಬಹುಭಾಗವನ್ನು ಇಲ್ಲಿ ತಂತಿಯ ಆಯ್ಕೆಯೇ ಮಾಡಬೇಕು.

ಶಿರಸಿಯ ನಮ್ಮ ಮನೆಯಲ್ಲಿ ತಂಗಿಯ ಮಗಳು ಭಾವಗೀತೆ ಹಾಡುತ್ತಾಳೆ, ನಾನು ಗಿಟಾರ್ ಹಿಡಿಯುತ್ತೇನೆ, ಜೊತೆಗೊಂದು ಹಾರ್ಮೋನಿಯಂ ಇರುತ್ತೆ. ಅದೇ ಗಿಟಾರಿಗೆ, ಒಂದೇ ದಪ್ಪದ ಎರಡು ಬಗೆಯ ತಂತಿಗಳನ್ನು ತಿಂಗಳಿಗೊಂದರಂತೆ ಹಾಕಿ ನೋಡಿದೆ. ಮೊದಲು 80/20. ಮೊದಲ ವಾರ ಅದರ ವೈಭವವೇ ಬೇರೆ. ಒಂದು ಕಾರ್ಡ್ ಬಾರಿಸಿದರೆ ಜಗಲಿವರೆಗೂ ಗಿಲಿಗಿಲಿ. ಆದರೆ ಹಾಡು ಶುರುವಾದ ಕೂಡಲೇ ತಕರಾರು ಬಂತು. ಸ, ಶ, ಚ ಮುಂತಾದ ವ್ಯಂಜನಗಳ ಸದ್ದು ಇರುವ ಎತ್ತರದ ಜಾಗದಲ್ಲೇ ಈ ತಂತಿಯ ಮಿಂಚೂ ಇದೆ. ಎರಡೂ ಒಂದೇ ಬಾಗಿಲಲ್ಲಿ ನುಗ್ಗುತ್ತವೆ. ಒಳಗಿನಿಂದ ಆಯಿ ಹೇಳಿದ್ದು ಇಷ್ಟು: ‘ತಮಾ, ಪದ್ಯ ಎಂತು ಹೇಳೇ ಗೊತ್ತಾಗ್ತಿಲ್ಲೆ. ತಗಡು ಬಡದಂಗೆ ಕೇಳ್ತು.’ ನಾನು ಕೇಳಿದ ತಂತಿ ವಿಮರ್ಶೆಗಳಲ್ಲಿ ಇದಕ್ಕಿಂತ ನಿಖರವಾದದ್ದು ಇಲ್ಲ. ಮೂರನೇ ವಾರಕ್ಕೆ ಆ ಮಿಂಚೂ ಹೋಗಿ ತಂತಿ ಮಂಕಾಯ್ತು.

ಮುಂದಿನ ತಿಂಗಳು ಫಾಸ್ಫರ್ ಬ್ರಾಂಜ್. ಇದು ನಿಜವಾದ ಕಂಚು: ಸುಮಾರು 92 ಭಾಗ ತಾಮ್ರ, 8 ಭಾಗ ತವರ, ಚಿಟಿಕೆ ರಂಜಕ. ಡ್ಯಾಡೇರಿಯೊ ಕಂಪನಿ 1974ರಲ್ಲಿ ಗಿಟಾರಿಗೆ ತಂದದ್ದು. ಮೊದಲ ದಿನ ಕೇಳಿದರೆ ಇದು 80/20ರ ಮುಂದೆ ಸ್ವಲ್ಪ ಸಪ್ಪೆ ಅನ್ನಿಸುತ್ತೆ, ವಿಡಿಯೋದಲ್ಲಿ ಸೋಲೋದೂ ಅದಕ್ಕೇ. ಆದರೆ ಮೂರನೇ ವಾರದಲ್ಲೂ ಹೆಚ್ಚುಕಡಿಮೆ ಅದೇ ದನಿ ಉಳಿದಿತ್ತು, ಹಾಡಿನ ಅಕ್ಷರಗಳು ಅಕ್ಷರಗಳಾಗಿಯೇ ಕೇಳಿದವು. ಹಾಗಂತ ಇದೇ ನಿಯಮ ಅಲ್ಲ. ಹಾಡುವವರದ್ದು ಕಂಚಿನ ಕಂಠವಾದರೆ 80/20ರ ಮಿಂಚನ್ನು ಅದು ತಡೆದುಕೊಳ್ಳಬಹುದು. ಹಾಡೇ ಇಲ್ಲದೆ ಒಬ್ಬರೇ ನುಡಿಸುವವರಿಗೆ ಆ ಮಿಂಚು ಬೇಕಾಗಲೂಬಹುದು. ತಂತಿ ಆರಿಸುವ ಮುಂಚೆ ಪಕ್ಕದಲ್ಲಿ ಕೂರುವ ಕಂಠ ಯಾವುದು ಅಂತ ನೋಡಿ ಅನ್ನೋದಷ್ಟೇ ನನ್ನ ಮಾತು.

ನಮ್ಮ ಕಡೆ ಹಿರಿಯರು ‘ಗಿಟಾರು ನಮ್ಮದಲ್ಲ’ ಅನ್ನೋದುಂಟು. ಅವರ ಮನೆಯಲ್ಲಿ ಹಾರ್ಮೋನಿಯಂ ಇರುತ್ತೆ. ಅದೂ ಹೊರಗಿನಿಂದ ಬಂದದ್ದೇ, ಆಕಾಶವಾಣಿ ಅದನ್ನು 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಇವತ್ತು ಹಾರ್ಮೋನಿಯಂ ಸಾಥ್ ಇಲ್ಲದ ಬೈಠಕ್ ನಮಗೆ ಖಾಲಿಖಾಲಿ ಅನ್ನಿಸುತ್ತೆ. ಗಿಟಾರಂತೂ 1967ರ ‘ಕಾಲ್ ಆಫ್ ದಿ ವ್ಯಾಲಿ’ಯಲ್ಲಿ ಬ್ರಿಜ್‌ಭೂಷಣ್ ಕಾಬ್ರಾ ಅವರ ಕೈಯಲ್ಲಿ ಸಂತೂರ್, ಬಾನ್ಸುರಿಗಳ ಪಕ್ಕ ಸರಿಸಮ ಕೂತಿದೆ. ಹೊರಗಿನ ವಾದ್ಯ ನಮ್ಮದಾಗೋದು ಪಕ್ಕದವರ ದನಿ ಕೇಳಿಸಿಕೊಂಡು ನುಡಿದಾಗ. ಆ ಸೌಜನ್ಯ ನುಡಿಸುವ ಕೈಯಲ್ಲಿರಬೇಕು, ತಂತಿಯಲ್ಲೂ ಇರಬೇಕು.

ಇನ್ನು ಮಳೆ. ಸಿದ್ದಾಪುರದ ಕಡೆಯ ಗೆಳೆಯನ ಮನೆ ಅಡಿಕೆ ತೋಟದ ಅಂಚಿಗಿದೆ. ಜುಲೈನಲ್ಲಿ ಅಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತೆ. ಹೊದಿಕೆ ಇಲ್ಲದ ಮಾಮೂಲಿ ತಂತಿಯ ಉಕ್ಕಿನ ಎಳೆಗಳಿಗೆ ಹದಿನೈದು ದಿನದಲ್ಲಿ ತುಕ್ಕು ಹತ್ತಿತು, ಬೆರಳು ಜಾರಿಸಿದರೆ ಗರಗರ. ಆಮೇಲೆ ಹಾಕಿದ್ದು ಎಲಿಕ್ಸರ್, ತೆಳುವಾದ ಪಾಲಿಮರ್ ಹೊದಿಕೆಯ ತಂತಿ. ಗೋರ್‌ಟೆಕ್ಸ್ ಮಳೆಯಂಗಿಯ ಬಟ್ಟೆ ಮಾಡುವ ಗೋರ್ ಕಂಪನಿಯದೇ ಇದು. ತಂತಿಗೊಂದು ಕಂಬಳಿಕೊಪ್ಪೆ ಅನ್ನಿ. ಬೆಲೆ ಮಾಮೂಲಿ ತಂತಿಯ ಎರಡು-ಮೂರು ಪಟ್ಟು. ಆದರೆ ಚೌತಿ ಹಬ್ಬದವರೆಗೂ ತುಕ್ಕಿಲ್ಲದೆ ಬಂತು. ಲೆಕ್ಕ ಹಾಕಿದರೆ ಮಲೆನಾಡಿನ ಮಳೆಗಾಲಕ್ಕೆ ದುಬಾರಿಯದ್ದೇ ಅಗ್ಗ.

ಆದರೂ ದನಿ ಪೂರ್ತಿ ಬರಲಿಲ್ಲ. ಕಾರಣ ಮರ. ಗಿಟಾರ್ ಮಾಡುವವರು ಹೇಳೋದು ಗಾಳಿಯ ತೇವಾಂಶ ಶೇ. 45ರಿಂದ 55ರ ಆಸುಪಾಸಿರಲಿ ಅಂತ. ನಮ್ಮ ಆಷಾಢದಲ್ಲಿ ಅದು ಎಲ್ಲಿ ಸಿಗಬೇಕು? ಮರ ನೀರು ಕುಡಿದು ಉಬ್ಬುತ್ತೆ, ಮೇಲ್ಹಲಗೆ ಹೊಟ್ಟೆ ಬಿಡುತ್ತೆ, ತಂತಿ ಮೇಲೆದ್ದು ಒತ್ತೋದು ಕಷ್ಟ ಆಗುತ್ತೆ, ಒದ್ದೆ ಮರ ದನಿಯನ್ನು ನುಂಗುತ್ತೆ. ಇದಕ್ಕೆ ಯಾವ ತಂತಿಯೂ ಮದ್ದಲ್ಲ. ಮಳೆಗಾಲದ ತಾಳಮದ್ದಲೆಯಲ್ಲಿ ಮದ್ದಲೆಯವರು ಕೂರುವ ಮೊದಲು ಚರ್ಮದ ಹದ ನೋಡಿಕೊಳ್ಳುತ್ತಾರೆ. ಗಿಟಾರಿನವರು ಮಾತ್ರ ಹದ ಕೆಟ್ಟಾಗ ಹೊಸ ತಂತಿ ಆರ್ಡರ್ ಮಾಡುತ್ತೇವೆ. ಗೆಳೆಯ ಗಿಟಾರನ್ನು ಮೊಳೆಯಿಂದ ಇಳಿಸಿ, ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಟ್ಟ. ಎರಡು ವಾರದಲ್ಲಿ ಆದ ಸುಧಾರಣೆ ತಂತಿಯಿಂದ ಆದದ್ದಕ್ಕಿಂತ ಹೆಚ್ಚು. ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ, ಶಾಖಕ್ಕೆ ಅಂಟು ಬಿಡುತ್ತೆ. ತುಕ್ಕಿಗೆ ಅಂತ ತೆಂಗಿನೆಣ್ಣೆ ಸವರುವುದೂ ಬೇಡ, ಎಣ್ಣೆ ಸುತ್ತುಗಳ ಸಂದಿಯಲ್ಲಿ ಕೂತು ಧೂಳು ಹಿಡಿಯುತ್ತೆ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಮೂರನೆಯದು ಯಲ್ಲಾಪುರದ ಪರಿಚಿತರೊಬ್ಬರ ಹಳೆಯ ಗಿಟಾರು. ಮೇಲ್ಹಲಗೆ ಪ್ಲೈವುಡ್ಡಿನದು, ಕುದುರೆಯ ಹಿಂಬದಿ ಕಾಗದ ತೂರಿಸುವಷ್ಟು ಎದ್ದಿದೆ. ‘ದಪ್ಪ ತಂತಿ ಹಾಕಿ, ದೊಡ್ಡ ಸೌಂಡ್ ಬರುತ್ತೆ’ ಅಂತ ಯಾರೋ ಅವರಿಗೆ ಹೇಳಿದ್ದರು. ಮಾತು ಅರ್ಧ ನಿಜ. ದಪ್ಪ ತಂತಿಗೆ ಎಳೆತ ಹೆಚ್ಚು, ಹೆಚ್ಚು ಎಳೆತ ಹಲಗೆಯನ್ನು ಜೋರಾಗಿ ಅಲುಗಿಸುತ್ತೆ. ಇನ್ನರ್ಧ ಹೀಗಿದೆ: ಪೊಟ್ಟಣದಲ್ಲಿ ‘12’ ಅಂದರೆ ಅತಿ ತೆಳುವಾದ ತಂತಿಯ ದಪ್ಪ ಇಂಚಿನ ಸಾವಿರದ 12 ಭಾಗ, ಸುಮಾರು 0.30 ಮಿ.ಮೀ. ಈ 12ರ ಸೆಟ್ಟು ಶ್ರುತಿಗೆ ಬಂದಾಗ ಆರೂ ತಂತಿ ಸೇರಿ ಕುದುರೆಯನ್ನು 70 ಕಿಲೋಗೂ ಮಿಕ್ಕಿ ಎಳೆಯುತ್ತವೆ. ಒಬ್ಬ ಆಳು ಹಗಲೂ ರಾತ್ರಿ ಜೋತುಬಿದ್ದ ಹಾಗೆ. 10ರ ಸೆಟ್ಟಿಗೆ ಇಳಿದರೆ ಹತ್ತು ಕಿಲೋಗೂ ಹೆಚ್ಚು ಭಾರ ಇಳಿಯುತ್ತೆ. ಆ ಗಿಟಾರಿಗೆ ಎದ್ದ ಕುದುರೆ ಅಂಟಿಸಿ 10 ಹಾಕಿಸಿದೆವು. ದನಿ ಚಿಕ್ಕದಾಯ್ತು, ಆದರೆ ಒಡಕು ಹೋಯ್ತು, ಎಂಟನೇ ಕ್ಲಾಸಿನ ಹುಡುಗಿಯ ಬೆರಳಿಗೆ ಎಫ್ ಕಾರ್ಡ್ ಸಿಕ್ಕಿತು. ಇನ್ನೂ ಮೆದು ಬೇಕಾದವರಿಗೆ ‘ಸಿಲ್ಕ್ ಅಂಡ್ ಸ್ಟೀಲ್’ ಅಂತ ಬರುತ್ತೆ. ಉಕ್ಕಿಗೂ ಸುತ್ತಿಗೂ ನಡುವೆ ರೇಷ್ಮೆಯ ಅಥವಾ ನೈಲಾನಿನ ಎಳೆ ಇಟ್ಟ ತಂತಿ. ಸಭೆಗೆ ಸಾಲದು, ರಾತ್ರಿ ಜಗಲಿಗೆ ಹೇಳಿ ಮಾಡಿಸಿದ್ದು.

ಖರ್ಚೇ ಇಲ್ಲದ ಉಪಾಯವೂ ಒಂದಿದೆ. ಗಿಟಾರನ್ನು ಒಂದು ಪೂರ್ತಿ ಸ್ವರ ಕೆಳಗೆ ಶ್ರುತಿ ಮಾಡಿದರೆ ಎಳೆತ ಶೇ. 20ರಷ್ಟು ಇಳಿಯುತ್ತೆ. ಕಪ್ಪು ಒಂದೋ ಬಿಳಿ ನಾಲ್ಕೋ ಅಂತ ಹಾಡುವವರ ಕಂಠ ಕೇಳಿಯೇ ಷಡ್ಜ ಇಡುವ ಊರಿನಲ್ಲಿ, ಗಿಟಾರು ಮಾತ್ರ ಪುಸ್ತಕದಲ್ಲಿರುವ ಶ್ರುತಿಯಲ್ಲೇ ಇರಬೇಕು ಅನ್ನೋ ಹಟ ಯಾಕೆ? ಮತ್ತೊಂದು ಎಚ್ಚರ: ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಸ್ಟೀಲ್ ತಂತಿ ಹಾಕಲೇಬೇಡಿ. ಅದರ ಮೈ ಹೆಚ್ಚುಕಡಿಮೆ ಅರ್ಧ ಎಳೆತಕ್ಕಷ್ಟೇ ಕಟ್ಟಿದ್ದು.

ಯಾವ ತಂತಿ ಬೆಸ್ಟು ಅಂತ ಕೇಳುವವರಿಗೆ ನನ್ನ ಉತ್ತರ ಒಂದು ಸರದಿ. ಮೊದಲು ಗಿಟಾರಿನ ಆರೋಗ್ಯ ನೋಡಿ, ಆಮೇಲೆ ಗಾಳಿಯ ತೇವ, ಆಮೇಲೆ ನಿಮ್ಮ ಬೆರಳು, ಆಮೇಲೆ ಪಕ್ಕದ ಕಂಠ. ಲೋಹದ ಹೆಸರು ಬರೋದು ಇವೆಲ್ಲದರ ನಂತರ. ಆರೋಗ್ಯವಾಗಿರುವ ಗಿಟಾರಿಗೆ, ಹಾಡಿನ ಜೊತೆ ನುಡಿಸೋದಕ್ಕೆ ಫಾಸ್ಫರ್ ಬ್ರಾಂಜ್, 11 ಅಥವಾ 12. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊದಿಕೆಯದ್ದು. ಮುದಿ ಗಿಟಾರಿಗೆ, ಎಳೆ ಬೆರಳಿಗೆ 10. ಈ ಪಟ್ಟಿಯನ್ನೂ ನಂಬಿ ಕೂರಬೇಡಿ. ತಂತಿ ಹಾಕಿದ ದಿನ ಪೊಟ್ಟಣದ ಮೇಲೆ ತಾರೀಖು ಬರೆದಿಡಿ, ದಿನಾ ನುಡಿಸಿ, ಮನೆಯವರ ಹತ್ತಿರ ಹಾಡಿಸಿ. ಚೆನ್ನಾಗಿದೆಯೋ ಇಲ್ಲವೋ ಅನ್ನೋದನ್ನು 21ನೇ ದಿನ ಹೇಳಿ.